ಮುಂದಿನ ಸೀಟಿನ ಪಾಳಿ

ನನ್ನ ಮೂತ್ರಪಿಂಡಗಳು ನನಗಿಂತ ಎರಡು ವರ್ಷ ತಡವಾಗಿ ನಿವೃತ್ತವಾದವು. ಕೋರ್ಟಿನಲ್ಲಿ ಶಿರಸ್ತೇದಾರನಾಗಿದ್ದ ನಾನು ಸರ್ಕಾರಕ್ಕೆ ಸಲ್ಲಿಸಿದ ಸೇವೆಗಿಂತ ಅವು ನನಗೆ ಸಲ್ಲಿಸಿದ ಸೇವೆ ದೀರ್ಘವಾದದ್ದು. ಆದ್ದರಿಂದ ಅವುಗಳ ಮೇಲೆ ನನಗೆ ದೂರಿಲ್ಲ. ಈಗ ವಾರಕ್ಕೆರಡು ದಿನ ಲಿಂಗಸುಗೂರಿನಿಂದ ಒಂದು ಬಾಡಿಗೆ ಕ್ರೂಸರ್ ಹತ್ತುತ್ತೇನೆ. ಅದು ಮಸ್ಕಿಯಲ್ಲಿ ಇನ್ನಷ್ಟು ಜನರನ್ನು ತುಂಬಿಕೊಂಡು ಸಿಂಧನೂರು ಸೇರುತ್ತದೆ. ಅಲ್ಲಿ ಡಯಾಲಿಸಿಸ್ ಯಂತ್ರ ನಮ್ಮ ರಕ್ತ ತೊಳೆದು, ಇಸ್ತ್ರಿ ಮಾಡದೆ, ನಮಗೇ ಹಿಂದಿರುಗಿಸುತ್ತದೆ. ಸಂಜೆ ಅದೇ ಗಾಡಿಯಲ್ಲಿ ವಾಪಸು.

ಗಾಡಿಯ ಹಿಂಭಾಗದಲ್ಲಿ ಎದುರುಬದುರಾಗಿ ಬೆಂಚುಗಳಿವೆ. ಅಲ್ಲಿ ಒಬ್ಬರ ಮೊಣಕಾಲು ಇನ್ನೊಬ್ಬರ ಮೊಣಕಾಲಿನ ಮೇಲೆ ಸದಾ ವ್ಯಾಜ್ಯ ಹೂಡಿರುತ್ತದೆ. ಡ್ರೈವರನ ಪಕ್ಕದ ಸೀಟಿಗೆ ಮಾತ್ರ ಕಿಟಕಿ, ಗಾಳಿ, ಕಾಲು ಚಾಚುವ ಯೋಗ. ಮೊದಮೊದಲು ಓಡಿ ಹೋಗಿ ಹಿಡಿದವರದ್ದೇ ಆ ಸೀಟು. ಓಡಲಾರದವರೆಲ್ಲ ಓಡುವ ಆ ದೃಶ್ಯ ಡ್ರೈವರನಿಗೇ ಸಹಿಸಲಾಗದಾಯಿತು. ಆಗ ನಮ್ಮಲ್ಲಿದ್ದ ಒಬ್ಬರು ವಯಸ್ಸಾದ ರೈತರು ಪಾಳಿ ಹಚ್ಚಿದರು. ಅವರ ಹೊಲ ಕಾಲುವೆಯ ಕಟ್ಟಕಡೆಯ ತೂಬಿನಲ್ಲಿದೆ. ಮೇಲಿನವರ ಗದ್ದೆಗಳೆಲ್ಲ ಕುಡಿದು ಮಿಕ್ಕ ನೀರು ಅಲ್ಲಿಗೆ ಮುಟ್ಟಬೇಕು. ಪಾಳಿಯ ವಿಷಯದಲ್ಲಿ ಅವರ ನಿಷ್ಠೆ ಪೂಜೆಗಿಂತ ಒಂದು ಕೈ ಮೇಲು. ದಿನಕ್ಕೊಬ್ಬರ ಪಾಳಿ, ಹೋಗುವಾಗಲೂ ಬರುವಾಗಲೂ ಆ ಸೀಟು ಪಾಳಿ ಬಂದವರದೇ. ನಾನು ಕಾನೂನು ಬಲ್ಲವನಂತೆ ತಲೆಯಾಡಿಸಿ ಅಂಗೀಕಾರದ ಮುದ್ರೆ ಒತ್ತಿದೆ.

ಅಂಥ ದಿನಗಳಲ್ಲಿ ಯೂನಿವರ್ಸಿಟಿಯಿಂದ ಒಬ್ಬ ಯುವತಿ ಬಂದಳು. ರೋಗಿಗಳ ಅನುಭವವೇನು, ರೋಗಿಗಳು ಒಬ್ಬರಿಗೊಬ್ಬರು ಆಸರೆಯಾಗುವಾಗ ನ್ಯಾಯ ಹೇಗೆ ನಡೆಯುತ್ತದೆ ಎಂಬುದು ಆಕೆಯ ಸಂಶೋಧನೆ. ನಮ್ಮ ಗಾಡಿಯಲ್ಲೇ ಕುಳಿತು ಫೋನಿನಲ್ಲಿ ನಮ್ಮ ಮಾತು ರೆಕಾರ್ಡ್ ಮಾಡಿಕೊಳ್ಳುತ್ತಿದ್ದಳು.

"ಈ ಕಾಯಿಲೆ ಬಂದಮೇಲೆ ಹೇಗನಿಸುತ್ತೆ?" ಎಂದು ರೈತರನ್ನು ಕೇಳಿದಳು.

"ಆರಾಮ್ ಅದೀನ್ರಿ."

"ನೋವು?"

"ಸೂಜಿ ಚುಚ್ಚಿದ್ರ ನೋವಾಗ್ತೈತ್ರಿ. ಯಾಕ, ನಿಮಗಾಗಂಗಿಲ್ಲೇನು?"

ನಾವೆಲ್ಲರೂ ಆರಾಮವೆಂದೇ ಹೇಳಿದೆವು. ಬೇರೆ ಉತ್ತರ ಕೊಟ್ಟರೆ ಎದುರಿನವರು ಮದ್ದು ಹೇಳಲು ಶುರುಮಾಡುತ್ತಾರೆ. ಆದರೆ ಆಕೆ ಮುಂದಿನ ಸೀಟಿನ ಬಗ್ಗೆ ಕೇಳಿದ್ದೇ ತಡ, ಆರಾಮವಾಗಿದ್ದವರೆಲ್ಲ ಏಕಕಾಲಕ್ಕೆ ಮಾತನಾಡಿದರು. ಸುಮ್ಮನಿದ್ದವಳು ಒಬ್ಬಳೇ, ಮಸ್ಕಿಯಲ್ಲಿ ಬ್ಲೌಸ್ ಹೊಲಿಯುವ ಹೆಣ್ಣುಮಗಳು.

ಅವಳಿಗೆ ಬರುವಾಗ ವಾಂತಿಯಾಗುತ್ತಿತ್ತು. ಯಂತ್ರದಿಂದ ಎದ್ದ ಮೇಲೆ ಹಿಂದಿನ ಬೆಂಚಿನ ಕುಲುಕಾಟ ಅವಳಿಗೆ ಒಗ್ಗುತ್ತಿರಲಿಲ್ಲ. ಕೈಯಲ್ಲೊಂದು ಪ್ಲಾಸ್ಟಿಕ್ ಚೀಲ ಹಿಡಿದು, ಸೆರಗಿನಲ್ಲಿ ಮುಖ ಮುಚ್ಚಿ ಕೂರುವಳು. ಆ ಸಂಜೆ ಚೀಲ ಬಿಚ್ಚುವಷ್ಟೂ ಪುರಸೊತ್ತು ಸಿಗದೆ ಎದುರಿಗಿದ್ದ ರೈತರ ಬಿಳಿ ಧೋತರದ ಮೇಲೆಯೇ ಆಯಿತು. ಅವರು ಟವೆಲಿನಿಂದ ಒರೆಸಿಕೊಂಡು, "ಮನ್ಯಾಗ ಒಗಿಯೋ ಮಿಷನ್ ತಂದಾರ, ಅದಕ್ಕೂ ಕೆಲ್ಸ ಬೇಕಲ್ಲ" ಎಂದರು. ಅವಳು ನಗಲಿಲ್ಲ. ಮಸ್ಕಿಯಲ್ಲಿ ಇಳಿಯುತ್ತ, "ನಾ ಇನ್ನ ಬರಂಗಿಲ್ರಿ" ಎಂದಷ್ಟೇ ಹೇಳಿದಳು.

ಡಯಾಲಿಸಿಸ್ ಒಮ್ಮೆ ತಪ್ಪಿದರೆ ಮೈ ಊದುತ್ತದೆ. ಮತ್ತೆ ಮತ್ತೆ ತಪ್ಪಿದರೆ ಊದಲು ಮೈಯೇ ಉಳಿಯುವುದಿಲ್ಲ. ಇದನ್ನು ಗಾಡಿಯಲ್ಲಿದ್ದ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಮುಂದಿನ ಸರದಿಗೆ ಅವಳು ರಸ್ತೆಗೆ ಬರಲಿಲ್ಲ. ಡ್ರೈವರ್ ಗಾಡಿಯನ್ನು ಅವಳ ಓಣಿಗೇ ತಿರುಗಿಸಿ ಬಾಗಿಲ ಮುಂದೆ ನಿಲ್ಲಿಸಿದ. ಅವಳು ಅಳತೆಯ ಟೇಪು ಕೊರಳಿಗೆ ಹಾಕಿಕೊಂಡೇ ಹೊರಬಂದಳು. ಕಣ್ಣ ಕೆಳಗೆ ಆಗಲೇ ಊತವಿತ್ತು.

"ಹೋಗ್ರಿ ನೀವು. ಎಲ್ಲಾರ ಮುಂದ ಹಂಗ ಕಕ್ಕೋದಕಿಂತ ಮನ್ಯಾಗಿರೋದು ಪಾಡು."

"ಮುಂದಿನ ಸೀಟು ಆಕಿಗೇ ಬಿಟ್ಟುಬಿಡೂನ್ರಿ," ಎಂದ ಡ್ರೈವರ್. "ಆಕಿಗಿ ಜರೂರ್ ಐತಿ."

ರೈತರು ಕೆರಳಿದರು. "ಏ, ಜರೂರ್ ಅನ್ನೋ ಮಾತು ನನ್ನ ಮುಂದ ಆಡಬ್ಯಾಡ. ಕಾಲುವಿ ಮ್ಯಾಲಿನವ್ರು ವರ್ಷಾ ಅದನ್ನ ಅಂತಾರ. ಅವ್ರಿಗಿ ಯಾವಾಗ ಜರೂರ್ ಇರಂಗಿಲ್ಲ? ಪಾಳಿ ಮುರದ್ರ ತುದಿಯಾಗಿನವ ಮಣ್ಣು ತಿನ್ನಬೇಕು."

"ಕಾಕಾ ಅನ್ನೋದು ಖರೇ ಐತಿ," ಎಂದಳು ಅವಳು. "ನನಗ ಯಾರ ದಯಾನೂ ಬ್ಯಾಡ."

ಹೀಗೆ ವಾದಿ ಪ್ರತಿವಾದಿಗಳು ಒಂದೇ ಪಕ್ಷದಲ್ಲಿ ನಿಂತ ಪ್ರಕರಣವನ್ನು ನನ್ನ ಸೇವಾವಧಿಯಲ್ಲಿ ಕಂಡಿರಲಿಲ್ಲ. ಸಂಶೋಧಕಿ ಫೋನು ಹಿಡಿದೇ ನನ್ನ ಮುಖ ನೋಡಿದಳು. ನಾನು ಮುಖವನ್ನು ಗಂಭೀರ ಮಾಡಿಕೊಂಡೆ. ಇಂಜಿನ್ನು ಓಡುತ್ತಲೇ ಇತ್ತು.

ರೈತರು ಗಾಡಿಯಿಂದಿಳಿದು ಅವಳ ಕಟ್ಟೆಯ ಮೇಲೆ ಕುಳಿತರು.

"ದಯಾ ಯಾರ್ ಕೊಡಾಕತ್ತಾರ? ಬದಲಿ ಮಾಡೂನು. ನಾವು ನೀರು ಬಿಡೂ ಮುಂದ ರಾತ್ರಿ ಪಾಳಿ ಹಗಲಿಗಿ ಬದಲಿ ಮಾಡ್ಕೋತೀವಿ, ಯಾರೂ ಏನೂ ಅನ್ನಂಗಿಲ್ಲ. ಮುಂಜಾನಿ ಹೋಗೂ ಮುಂದಿನ ನಿನ್ನ ಪಾಳಿ ನಮಗ ಕೊಡು. ಸಂಜಿಕಿ ಬರೂ ಮುಂದಿನ ನಮ್ಮ ಪಾಳಿ ನೀ ತಗೋ. ಅಲ್ಲಿಗಿ ಚುಕ್ತಾ."

ಅವಳು ಇಂಚಿನ ಲೆಕ್ಕದಲ್ಲಿ ಬಾಳುವವಳು. ಅಷ್ಟು ಸುಲಭಕ್ಕೆ ಬಗ್ಗಲಿಲ್ಲ.

"ಎಲ್ಲಿಂದ ಚುಕ್ತಾ ಆತು ಕಾಕಾ? ನಾ ಕೊಡೋದು ನನ್ನೊಬ್ಬಾಕಿ ಪಾಳಿ. ತಗೊಳ್ಳೋದು ನಿಮ್ಮೆಲ್ಲಾರ್ದೂ. ಲೆಕ್ಕ ಕೂಡಂಗಿಲ್ಲ."

ಅದು ಕೂಡುವುದಿಲ್ಲವೆಂಬುದು ಗಾಡಿಯಲ್ಲಿದ್ದ ಎಲ್ಲರಿಗೂ ಗೊತ್ತಾಯಿತು. ಜನ್ಮವಿಡೀ ಕಾಲುವೆಯ ನೀರನ್ನು ಬೆರಳಿನಲ್ಲಿ ಅಳೆದ ಆ ಮನುಷ್ಯನಿಗೆ ಎಲ್ಲರಿಗಿಂತ ಮೊದಲೇ ಗೊತ್ತಿದ್ದಿರಬೇಕು. ಅವರು ರಸ್ತೆಯ ಕಡೆ ನೋಡಿದರು.

"ಮುಂಜಾನಿ ಗಾಳಿಗಿ ರೇಟ್ ಜಾಸ್ತಿ," ಎಂದರು.

ಯಾರೂ ತಕರಾರು ತೆಗೆಯಲಿಲ್ಲ. ಅವಳು ಅವರ ಮುಖವನ್ನು ನೋಡಿದಳು. ಅವರು ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. ಟೇಪು ತೆಗೆದು ಮೊಳೆಗೆ ಹಾಕಿ, ಬೀಗ ಹಾಕಿಕೊಂಡು ಬಂದಳು.

"ಮೇಡಂ," ಎಂದರು ರೈತರು ಗಾಡಿ ಹತ್ತುತ್ತ, "ಇದನ್ನೇನು ಬರಕೋಬ್ಯಾಡ್ರಿ. ಕಾಲುವಿ ಮ್ಯಾಲಿನವ್ರು ಓದಿದ್ರ ಅವ್ರೂ ಹಿಂಗ ರೇಟ್ ಕಟ್ಟಾಕ ಕಲೀತಾರ."

ಸಂಶೋಧಕಿ ಏನು ಬರೆದುಕೊಂಡಳೋ ತಿಳಿಯದು. ಇದು ನ್ಯಾಯವೇ ಎಂದು ದಾರಿಯಲ್ಲಿ ನನ್ನನ್ನು ಕೇಳಿದಳು. ಇದರ ಮೇಲೆ ಮೇಲ್ಮನವಿ ಬರುವ ಸಂಭವವಿಲ್ಲ ಎಂದೆ. ನನ್ನ ವೃತ್ತಿಯಲ್ಲಿ ಅದಕ್ಕಿಂತ ದೊಡ್ಡ ಪ್ರಮಾಣಪತ್ರವಿಲ್ಲ.

ಸಂಜೆ ಬರುವಾಗ ಅವಳು ಮುಂದೆ ಕುಳಿತಳು. ಸಿಂಧನೂರಿನ ಅಕ್ಕಿ ಗಿರಣಿಗಳು ದಾಟುವಷ್ಟರಲ್ಲಿ ಮೊದಲ ಆಕ್ಷೇಪಣೆ ಬಂತು.

"ಅಣ್ಣಾ, ಆ ಊದಿನಕಡ್ಡಿ ಆರಸು. ಅದರ ವಾಸನಿಗೇ ಹೊಟ್ಟಿ ತೊಳಸಾಕತ್ತೈತಿ."

"ದೇವರ ಮುಂದಿಂದ ಯವ್ವಾ ಅದು," ಎಂದ ಡ್ರೈವರ್.

"ಆರಸಪಾ," ಎಂದರು ಹಿಂದಿನಿಂದ ರೈತರು. "ದೇವರು ಮುಂಜಾನಿಂದ ಅದನ್ನ ಮೂಸ್ಯಾನ, ಸಾಕಾಗೈತಿ ಅವಗೂ."

ಕಡ್ಡಿ ಆರಿತು. ಅವಳು ಕಿಟಕಿಗೆ ತಲೆಯಾನಿಸಿ ಕಣ್ಣು ಮುಚ್ಚಿದಳು. ಚೀಲ ಮಡಿಲಲ್ಲಿ ಮಡಿಸಿದಂತೆಯೇ ಉಳಿಯಿತು. ಮಸ್ಕಿಯಲ್ಲಿ ಇಳಿದವಳು ಕಿಟಕಿಯಲ್ಲಿ ಮುಖವಿಟ್ಟು, ಯಾರನ್ನೂ ನೋಡದೆ ಹೇಳಿದಳು.

"ಶುಕ್ರವಾರ ಗಾಡಿ ಹತ್ತೂ ಮೊದ್ಲ ಒಂದು ಮದುವಿ ಬ್ಲೌಸ್ ಕೊಟ್ಟು ಬರಬೇಕು. ಸ್ವಲ್ಪ ತಡಾ ಆದ್ರ ಗಾಡಿ ನಿಲ್ಲಸ್ರಿ."

"ಪಾಳಿ ಬ್ಯಾರೆ, ಕಾಯೋದು ಬ್ಯಾರೆ," ಎಂದು ರೈತರು ರೇಗಿದರು. "ಒಂದು ಚಾ ಕುಡಿಯೋಷ್ಟು ಹೊತ್ತು ನಿಲ್ತೀವಿ, ಅದರ ಮ್ಯಾಲ ನಿಲ್ಲಂಗಿಲ್ಲ."