ಅತ್ತಿ, ನಾನು ಮತ್ತು ನಾಲ್ಕಾಳು ನೀರು

ನನ್ನ ಮದುವೆಯಾಗಿ ಮೂರು ತಿಂಗಳಾಗಿತ್ತು. ಒಂದು ಮಧ್ಯಾಹ್ನ, ನನ್ನ ಕಣ್ಣೆದುರಿಗೇ, ಅತ್ತಿ ಬಾವಿಗೆ ಹಾರಿದರು.

ತೊಂಬತ್ತರ ದಶಕದ ಕೊನೆಯ ಬೇಸಿಗೆ ಅದು. ನನ್ನ ತವರು ಹುಮನಾಬಾದ. ಅಲ್ಲಿಯ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ನನ್ನನ್ನು ಕೊಟ್ಟ ಮನೆ ಬಸವಕಲ್ಯಾಣದ ಹಾದಿಯಲ್ಲಿ, ರಾಜೇಶ್ವರದಿಂದ ಮೂರು ಕಿಲೋಮೀಟರು ಒಳಗೆ. ಸಾಲಿಗೆ ಸೂಟಿ ಇತ್ತು. ಮನೆಯ ಕೌದಿಗಳನ್ನೆಲ್ಲ ಗಂಟು ಕಟ್ಟಿಕೊಂಡು ಅತ್ತಿ ಮತ್ತು ನಾನು ಹೊಲದ ಬಾವಿಗೆ ಹೋಗಿ, ಒಗೆದು, ಕಲ್ಲಿನ ಮೇಲೆ ಹರವಿದ್ದೆವು. ಅತ್ತಿಗೆ ಐವತ್ತು ದಾಟಿತ್ತು. ಅವರು ಸುತ್ತ ಒಮ್ಮೆ ನೋಡಿದರು. ಯಾರೂ ಇರಲಿಲ್ಲ. ಸೀರೆಯ ಕಚ್ಚೆ ಬಿಗಿ ಮಾಡಿಕೊಂಡರು. ನಾನು ಕೌದಿಯ ಮೂಲೆ ಸರಿಮಾಡಿ ತಲೆ ಎತ್ತುವಷ್ಟರಲ್ಲಿ ದುಡುಂ ಅಂತ ಸಪ್ಪಳ.

ನಾನು ಚೀರಿದೆ. ಬಾವಿಯ ದಂಡೆಯ ಸುತ್ತ ಓಡಿದೆ. ನೀರಿನ ಮೇಲೆ ಗುಳ್ಳೆ ಬಿಟ್ಟರೆ ಏನೂ ಇಲ್ಲ. ಬೆಳಿಗ್ಗೆ ನಾನು ಬೇಳೆಗೆ ಉಪ್ಪು ಹೆಚ್ಚು ಹಾಕಿದ್ದೆ. ಅದಕ್ಕೇ ಇರಬಹುದೇ ಅನ್ನಿಸಿತು. ಇನ್ನೊಂದು ಸುತ್ತು ಓಡಿದೆ. ಆಗ ಆಚೆ ದಂಡೆಯ ಬುಡದಲ್ಲಿ ಅತ್ತಿಯ ತಲೆ ಮೇಲೆ ಬಂತು. ಹಿಂದೆಯೇ ಅವರ ಕೈ. ಕೈಯಲ್ಲಿ ಹಿಡಿ ತುಂಬ ಕರಿ ರಾಡಿ.

"ತಳ ಮುಟ್ಟಿ ಬಂದೆ ನೋಡು," ಅಂದರು. "ಯಾಕ ಚೀರಾಕತ್ತೀದಿ? ಮ್ಯಾಲಿನ ನೀರು ಸ್ನಾನಕ್ಕ ಕಾಸಿದಂಗ ಆಗ್ಯಾವ. ಕೆಳಗ ಹೊಸ ಗಡಿಗಿ ನೀರಿನಂಗ ಅವ. ಬಾ."

"ನನಗ ಈಜು ಬರಂಗಿಲ್ರಿ ಅತ್ತಿ."

"ಅಯ್ಯ! ಹುಮನಾಬಾದದಾಗ ಏನು ಕಲಿಸ್ಯಾರ ನಿನಗ?"

ನಾನು ನಗಬೇಕೋ ಅಳಬೇಕೋ ತಿಳಿಯದೆ ಒದ್ದೆ ಕೌದಿಯ ಮೇಲೆಯೇ ಕೂತುಬಿಟ್ಟೆ.

ಮರುದಿನದಿಂದ ಕಲಿಕೆ ಶುರುವಾಯಿತು. ಎಣ್ಣೆಯ ಖಾಲಿ ಪ್ಲಾಸ್ಟಿಕ್ ಕ್ಯಾನು ಒಂದನ್ನು ಅತ್ತಿ ನನ್ನ ಬೆನ್ನಿಗೆ ಕಟ್ಟಿ, ಮೆಟ್ಟಿಲ ಮೇಲಿಂದ ನೀರಿಗೆ ನೂಕುತ್ತಿದ್ದರು. ನಾನು ಸಾಲಿಯ ಮಕ್ಕಳಿಗೆ ತೇಲುವಿಕೆಯ ಪಾಠ ಎಷ್ಟೋ ಸಲ ಮಾಡಿದ್ದೆ. ಮೂಗಿನಲ್ಲಿ ನೀರು ಹೊಕ್ಕಾಗ ಅದರಲ್ಲಿ ಒಂದು ಸಾಲೂ ನೆನಪಾಗಲಿಲ್ಲ. ಒಂಬತ್ತನೆಯ ದಿನ ಬಾವಿಯ ನಡುವಿನ ತನಕ ಹೋಗಿ ಬಂದೆ. ಮೆಟ್ಟಿಲು ಹಿಡಿದು ನೋಡಿದರೆ ಕ್ಯಾನು ಅತ್ತಿಯ ಕೈಯಲ್ಲಿದೆ. ಯಾವಾಗ ಬಿಚ್ಚಿದ್ದರೋ! ಇಬ್ಬರೂ ಬಿದ್ದು ಬಿದ್ದು ನಕ್ಕೆವು.

ಇದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ನಮ್ಮನೆಯವರಿಗಂತೂ ಹೇಳುವ ಹಾಗೇ ಇರಲಿಲ್ಲ. ಅವರು ಸಣ್ಣವರಿದ್ದಾಗ ಹಳ್ಳದಲ್ಲಿ ಮುಳುಗಿ ಹೇಗೋ ಬದುಕಿ ಬಂದವರು. "ಅವಗ ಹೇಳಬ್ಯಾಡ," ಅಂದಿದ್ದರು ಅತ್ತಿ. "ತುಂಬಿದ ಬಕೆಟ್ ಕಂಡ್ರೂ ಸರಿದು ನಿಲ್ತಾನ ಅವ."

ಜೂನಿನಲ್ಲಿ ಸಾಲಿ ತೆರೆಯಿತು. ಪ್ರಯೋಗಾಲಯದಲ್ಲಿ ಗೆರೆ ಮಾಸಿದ ಒಂದು ಉಷ್ಣಮಾಪಕ ಇತ್ತು. ಹೊಸದು ಬಂದದ್ದರಿಂದ ಹೆಡ್ ಮಾಸ್ತರರು ಅದನ್ನು ಬಿಸಾಡಲು ಹೇಳಿದರು. ನಾನು ಕೇಳಿ ಇಸಿದುಕೊಂಡು ಬಂದೆ. ಅತ್ತಿ ಹೇಳುವ ಸ್ನಾನದ ನೀರಿಗೂ ಗಡಿಗೆ ನೀರಿಗೂ ಎಷ್ಟು ಅಂತರ ಅಂತ ಅಳೆಯುವ ಹುಚ್ಚು ಹಿಡಿದಿತ್ತು ನನಗೆ. ಭಾನುವಾರ ದಾರ ಕಟ್ಟಿ ತಳಕ್ಕೆ ಇಳಿಬಿಟ್ಟೆ. ಮೇಲೆ ಎಳೆದು ನೋಡುವಷ್ಟರಲ್ಲಿ ಪಾದರಸ ಏರಿಬಿಟ್ಟಿರುತ್ತಿತ್ತು. ಮೂರು ಸಲ ಹಾಗೇ ಆಯಿತು.

ಅತ್ತಿ ಸುಮ್ಮನೆ ನೋಡುತ್ತಿದ್ದರು. "ಅದೊಂದನ್ನ ಯಾಕ ಎಳೀತಿ? ತಳದ ನೀರಿನ ಜೋಡಿನ ಎಳಿ," ಅಂದರು. ಎದ್ದು ಹೋಗಿ ಬಾಯಿ ಸಣ್ಣದಿದ್ದ ತಂಬಿಗೆ ತಂದು, ಅದರೊಳಗೆ ಉಷ್ಣಮಾಪಕ ಇಟ್ಟು, ಕೊರಳಿಗೆ ಹಗ್ಗ ಕಟ್ಟಿ ಇಳಿಸಿ, ತಳದಲ್ಲಿ ಸ್ವಲ್ಪ ಹೊತ್ತು ಕುಲುಕುತ್ತ ಬಿಟ್ಟರು. ತಂಬಿಗೆ ತಳದ ನೀರು ತುಂಬಿಕೊಂಡು ಮೇಲೆ ಬಂತು. ಈ ಸಲ ಪಾದರಸ ಏರಿರಲಿಲ್ಲ. ಮೇಲೆ ಮೂವತ್ತೊಂದು ಡಿಗ್ರಿ, ನಾಲ್ಕಾಳು ಕೆಳಗೆ ಇಪ್ಪತ್ತಾರು. ನಾನು ಬಿ.ಎಸ್ಸಿ. ಓದಿದವಳು, ಅತ್ತಿಗೆ ಅಂಕಿ ಬಿಟ್ಟರೆ ಅಕ್ಷರ ಓದಲು ಬರುತ್ತಿರಲಿಲ್ಲ. ಅವತ್ತು ನಾನು ಅವರ ಕಾಲಿಗೆ ಬಿದ್ದೆ, ತಮಾಷೆಗೆ ಅರ್ಧ, ನಿಜಕ್ಕೆ ಅರ್ಧ.

ನೀರು ಎಷ್ಟು ತಿಳಿ ಅಂತ ನೋಡಲು ಬಿಳಿ ಪ್ಲಾಸ್ಟಿಕ್ ತಾಟಿಗೆ ಕಲ್ಲು ಕಟ್ಟಿದೆವು. ಹಗ್ಗಕ್ಕೆ ಮೊಳಕ್ಕೊಂದು ಗಂಟು. ನಾನು ಇಳಿಬಿಡುವುದು, ಅತ್ತಿ ಬಗ್ಗಿ ನೋಡುವುದು.

"ಕಾಣ್ತದೇನ್ರಿ?"

"ಕಾಣ್ತದ."

"ಈಗ?"

"ಕಾಣ್ತದ."

"ನನಗ ಕಾಣವಲ್ದು!"

"ನೀ ರಾತ್ರೆಲ್ಲಾ ಪೇಪರ್ ತಿದ್ದತಿ. ನಿನ್ನ ಕಣ್ಣು ಹ್ಯಾಂಗ ಇರ್ತಾವ?"

ಈ ಜಗಳ ಪ್ರತಿ ಭಾನುವಾರ ಇರುತ್ತಿತ್ತು. ನಮ್ಮ ಬಾವಿ ಒಂದೇ ಸಾಲದಾಯಿತು. ಅತ್ತಿಯ ತವರು ಬೇಮಳಖೇಡ. ಎರಡು ಬಸ್ಸು ಬದಲಿಸಿ ಅಲ್ಲಿಗೆ ಹೋದೆವು. ಅವರು ಹುಡುಗಿಯಾಗಿದ್ದಾಗ ಈಜು ಕಲಿತ ಮೆಟ್ಟಿಲ ಬಾವಿ ಅಲ್ಲಿತ್ತು. ಹಗ್ಗದ ಗಂಟೆಲ್ಲ ಮುಗಿದರೂ ತಾಟು ಕಾಣುತ್ತಲೇ ಇತ್ತು. ಕಡೆಗೆ ತಳದಲ್ಲಿ ಕೂತ ಮೇಲೆ ಅದರ ಮೇಲೊಂದು ಏಡಿ ಹತ್ತಿದ್ದೂ ಕಂಡಿತು. ನಾವು ಕೇಕೆ ಹಾಕಿದ್ದು ಕೇಳಿ ಅತ್ತಿಯ ಅಣ್ಣ ಓಡಿಬಂದರು. ಏನೂ ಆಗಿಲ್ಲ ಅಂತ ತಿಳಿದು ಬೈದುಕೊಂಡು ಹೋದರು. ಬಸವಕಲ್ಯಾಣದ ಹತ್ತಿರ ಕೆಂಪು ಕಲ್ಲು ತೆಗೆದು ಬಿಟ್ಟ ಖಣಿಯೊಂದರಲ್ಲಿ ಮಾತ್ರ ಎರಡನೆಯ ಮೊಳಕ್ಕೇ ತಾಟು ಮಾಯ. ಮೊದಲ ಮಳೆ ಬಿದ್ದು ನೀರು ಹಾಲು ಹಾಕಿದ ಚಹಾದ ಹಾಗಿತ್ತು. ನಾನು ಇಳಿಯಲು ಹೊರಟೆ. ಅತ್ತಿ ನನ್ನ ರಟ್ಟೆ ಹಿಡಿದರು.

"ತಳದಾಗ ಕಲ್ಲದನೋ ಮುಳ್ಳದನೋ ಗೊತ್ತಿಲ್ಲ. ಇಂಥಾ ನೀರಿಗಿ ನಾ ಇಳಿಯಂಗಿಲ್ಲ. ನೀನೂ ಇಳಿಯಬ್ಯಾಡ." ಅವರ ದನಿಯಲ್ಲಿ ನಗು ಇರಲಿಲ್ಲ. ತಾಟು ಸುತ್ತಿಕೊಂಡು ಬಸ್ಸು ಹತ್ತಿದೆವು.

ನಮ್ಮ ಗುಟ್ಟು ಹೊರಬಿದ್ದದ್ದು ನನ್ನ ನೋಟುಬುಕ್ಕಿನಿಂದ. ಒಂದು ಸಂಜೆ ನಮ್ಮನೆಯವರು ಅದನ್ನು ತೆರೆದುಕೊಂಡು ಕೂತಿದ್ದರು. "'ನಮ್ಮ ಬಾವಿ, ತಳ ಇಪ್ಪತ್ತಾರು, ತಾಟು ಐದು ಮೊಳ, ಅತ್ತಿ ಪ್ರಕಾರ ಏಳು' ಅಂತ ಬರದೀದಿ. ಏನಿದು?"

ನಾನು ಎಲ್ಲ ಹೇಳಿದೆ. ಅವರು ನೋಟುಬುಕ್ಕು ಮುಚ್ಚಿಟ್ಟು ಎದ್ದು ಹೋದರು. ಆ ವಾರ ಮೋಟರಿನ ಸಾಮಾನಿಗೆ ಹೈದರಾಬಾದಿಗೆ ಹೋಗಿ ಬಂದವರು ನನ್ನ ಮುಂದೆ ಒಂದು ಕಾಗದದ ಪೊಟ್ಟಣ ಇಟ್ಟು ಗೋಡೆ ನೋಡುತ್ತ ನಿಂತರು. ಒಳಗೆ ಈಜುವವರು ಹಾಕುವ ಕನ್ನಡಕ. ಒಂದಲ್ಲ, ಎರಡು.

"ಅವ್ವಗೊಂದು," ಅಂದರು. "ಕಣ್ಣಾಗ ನೀರು ಹೋದ್ರ ಕೆಡ್ತಾವ."

ಆ ಭಾನುವಾರವನ್ನು ಹೇಗೆ ಹೇಳಲಿ! ಅಷ್ಟು ದಿನ ನೀರಿನೊಳಗೆ ಕಣ್ಣು ಬಿಟ್ಟರೆ ಮಬ್ಬು ಮಬ್ಬು. ಅವತ್ತು ಕನ್ನಡಕ ಹಾಕಿ ಮುಳುಗಿದೆ. ಬಿಸಿಲು ಕೋಲು ಕೋಲಾಗಿ ಕೆಳಗಿಳಿದಿತ್ತು. ಬಾವಿಯ ಕೆಂಪು ಕಲ್ಲಿನ ಸಂದಿಯಿಂದ ಒರತೆ ಬರುವ ಕಡೆ ಮರಳು ಅಕ್ಕಿ ಕುದ್ದಂತೆ ಕುಣಿಯುತ್ತಿತ್ತು. ಒಂದು ಆಮೆ ನನ್ನನ್ನು ನೋಡಿ, ಬಂದ ದಾರಿಗೇ ತಿರುಗಿತು. ಎದುರಿಗೆ ಅತ್ತಿ, ಕನ್ನಡಕದೊಳಗೆ ದೊಡ್ಡ ದೊಡ್ಡ ಕಣ್ಣು, ಕೆನ್ನೆ ಉಬ್ಬಿಸಿಕೊಂಡು, ಸೀರೆಯ ಸೆರಗು ಬೆನ್ನ ಹಿಂದೆ ತೇಲಿಸಿಕೊಂಡು. ನನಗೆ ನೀರಿನೊಳಗೇ ನಗು ಬಂತು. ನಕ್ಕರೆ ಏನಾಗುತ್ತದೆ ಅಂತ ಅವತ್ತೇ ಗೊತ್ತಾದದ್ದು. ಕೆಮ್ಮುತ್ತ ಮೇಲೆ ಬಂದೆ. ಅತ್ತಿ ಬೆನ್ನು ತಟ್ಟಿದರು, ಮತ್ತೆ ಮುಳುಗಿದೆವು. ಊಟದ ಹೊತ್ತು ಮೀರಿದ್ದೂ ತಿಳಿಯಲಿಲ್ಲ.

ಆ ವರ್ಷದ ಎಳ್ಳಮಾಸಿಗೆ ಹಳ್ಳಿಖೇಡದಿಂದ ಕರೆ ಬಂತು. ಅಲ್ಲಿ ನನ್ನ ನಾದಿನಿಯನ್ನು ಕೊಟ್ಟಿದ್ದಾರೆ. ಎಳ್ಳು ಅಮಾವಾಸ್ಯೆಯ ಆ ದಿನ ನಮ್ಮ ಕಡೆ ಎಲ್ಲರೂ ಹೊಲದಲ್ಲೇ ಕೂತು ಭಜ್ಜಿ, ಸಜ್ಜಿ ರೊಟ್ಟಿ, ಅಂಬಲಿ ಉಣ್ಣುವುದು. ಬೀಗರು, ಅಂದರೆ ನಾದಿನಿಯ ಮಾವ, ಬಹಳ ಶಿಸ್ತಿನ ಮನುಷ್ಯ. ಬಿಳಿ ಮೀಸೆ, ಬಿಳಿ ಧೋತರ. ಅವರ ಹೆಂಡತಿ, ನಮ್ಮ ಬೀಗತಿ, ನಾಲ್ಕು ಮಾತಿಗೆ ಒಂದು ಆಡುವವರು. ಅವತ್ತು ಬೀಗರಿಗೆ ಊಟ ಸೇರಲಿಲ್ಲ. ಹೊಸದಾಗಿ ಕಬ್ಬು ನಾಟಿ ಮಾಡಿದ್ದರು. ಎರಡು ದಿನದಿಂದ ಮೋಟರ್ ತಿರುಗುತ್ತಿತ್ತು, ನೀರು ಮಾತ್ರ ಮೇಲೇರುತ್ತಿರಲಿಲ್ಲ.

"ಫುಟ್ಬಾಲ್ ಕಟ್ಟ್ಯಾದಂತ," ಅಂದರು. ನೀರೆಳೆಯುವ ಪೈಪಿನ ತುದಿಗಿರುವ ಜಾಳಿಗೆಯ ಫುಟ್‌ವಾಲ್ವಿಗೆ ನಮ್ಮ ರೈತರೆಲ್ಲ ಫುಟ್ಬಾಲ್ ಅಂತಲೇ ಅನ್ನುವುದು. "ಪೈಪ್ ಎತ್ತಬೇಕು. ಮಿಸ್ತ್ರಿ ಮನ್ಯಾಗ ಮದಿವಿ. ನಾಕು ದಿನ ಬಿಟ್ಟು ಬರ್ತೀನಿ ಅಂದಾನ."

ಅತ್ತಿ ಬಾವಿಗೆ ಬಗ್ಗಿ ನೋಡಿದರು. ಅವರ ಕಾಲಿನ ಬೆರಳು ಆಡುತ್ತಿದ್ದವು. ಆದರೆ ಮಗಳನ್ನು ಕೊಟ್ಟ ಮನೆ. ಬೀಗರ ಎದುರಿಗೆ ಸೆರಗು ಸರಿಯದ ಹಾಗೆ ಕೂತವರು ಬಾವಿಗೆ ಹಾರುವುದು ಹೇಗೆ? ಮೊಣಕೈಯಿಂದ ನನ್ನನ್ನು ತಿವಿದರು.

"ನಮ್ಮ ಸೊಸಿ ಇಳಿದು ನೋಡ್ತಾಳ್ರಿ ಬೀಗರ."

"ಟೀಚರ್ರೇನು?" ಬೀಗರ ಕೈಯಲ್ಲಿದ್ದ ಅಂಬಲಿಯ ಲೋಟ ವಾಲಿತು.

ನಮ್ಮನೆಯವರು ನನ್ನನ್ನು ನೋಡಿದರು, ನೀರು ನೋಡಿದರು. ಆಮೇಲೆ ಸೀದಾ ಮೋಟರಿನ ಪೆಟ್ಟಿಗೆಯ ಹತ್ತಿರ ಹೋಗಿ ಮೂರೂ ಫ್ಯೂಜು ಕಿತ್ತು ಮುಷ್ಟಿಯಲ್ಲಿ ಹಿಡಿದುಕೊಂಡರು. "ಇವು ನನ್ನ ಕೈಯಾಗ ಇರ್ತಾವ," ಅಂದರು. "ನೀ ಹೋಗಿ ಬಾ."

ಬೀಗರ ಬಾವಿ ನೋಡಲಿಕ್ಕೆಂದೇ ನಾನು ಕನ್ನಡಕವನ್ನು ಚೀಲದಲ್ಲಿ ತಂದಿದ್ದೆ. ನಾದಿನಿಯ ಚೂಡಿದಾರ ಹಾಕಿಕೊಂಡೆ. ಅತ್ತಿ ಉಂಡ ತಾಟು ತೊಳೆದು ಹಗ್ಗಕ್ಕೆ ಕಟ್ಟಿ ಇಳಿಬಿಟ್ಟರು. ನೀರು ಮೂರಾಳು, ತಾಟು ಕಂಡದ್ದು ಬರೇ ಮೂರು ಮೊಳ. ಪಾಚಿಯಿಂದ ಎಲ್ಲ ಹಸಿರು. ಅತ್ತಿ ತಾಟು ಬಿಚ್ಚಿ ಪಕ್ಕಕ್ಕಿಟ್ಟರು. ಆಮೇಲೆ ನನ್ನ ಸೊಂಟಕ್ಕೆ ಹಗ್ಗ ಕಟ್ಟಿ, ತುದಿಯನ್ನು ತಮ್ಮ ಕೈಗೆ ಎರಡು ಸುತ್ತು ಸುತ್ತಿಕೊಂಡರು.

"ಪೈಪ್ ಹಿಡಕೊಂಡೇ ಇಳಿ. ಪೈಪ್ ಬಿಟ್ಟಿ ಅಂದ್ರ ನಾನೇ ಹಾರ್ತೀನಿ, ಬೀಗರಿರಲಿ ಯಾರಿರಲಿ."

ಹೊರಗೆ ಚಳಿಗಾಳಿ. ನೀರು ಮೈಗೆ ಬೆಚ್ಚಗೆ ಹತ್ತಿತು. ಕೆಳಗೆ ಹೋದರೂ ಅಷ್ಟೇ ಬೆಚ್ಚಗೆ. ಚಳಿಗಾಲದಲ್ಲಿ ಮೇಲಿನ ನೀರು ಕೆಳಗಿನ ನೀರು ಒಂದೇ ಆಗುತ್ತವೆ ಅಂತ ಅತ್ತಿ ಹೇಳಿದ್ದು ಸುಳ್ಳಲ್ಲ. ಕನ್ನಡಕದೊಳಗಿಂದ ಮೊದಲು ಹಸಿರು ಕಂಡಿತು, ಆಮೇಲೆ ಕಂದು, ಆಮೇಲೆ ನನ್ನ ಕೈ ಮಾತ್ರ, ಆಮೇಲೆ ಕೈಯೂ ಇಲ್ಲ. ಕಿವಿ ನೊಂದು ಮೇಲೆ ಬಂದೆ. ಎರಡನೆಯ ಸಲ ಕೈಗೆ ಜಾಳಿಗೆ ಸಿಕ್ಕಿತು. ಅದರ ಸುತ್ತ ಏನೋ ಉದ್ದನೆಯದು, ಮೆತ್ತಗೆ, ನನ್ನ ಮಣಿಕಟ್ಟನ್ನು ಸುತ್ತಿಕೊಂಡಿತು. ಬಾಣದ ಹಾಗೆ ಮೇಲೆ ಬಂದು ಚೀರಿದೆ:

"ಹಾವು!"

ದಂಡೆಯ ಮೇಲೆ ಗದ್ದಲವೋ ಗದ್ದಲ. ಅತ್ತಿ ಮಾತ್ರ ಕೇಳಿದರು: "ನುಣ್ಣಗ ಅದನೋ, ಮೆತ್ತಗ ಅದನೋ?"

"ಮೆತ್ತಗ್ರಿ."

"ಅಂಚು ಹತ್ತಿತೇನು ಕೈಗಿ?"

ನಾನು ವಿಚಾರ ಮಾಡಿದೆ. "ಹತ್ತಿತ್ರಿ."

"ಅಂಚಿದ್ದ ಹಾವು ಎಲ್ಲಿರ್ತದ ಹುಚ್ಚಿ? ಅರಿವಿ ಅದು. ಜಗ್ಗು."

ಮೂರನೆಯ ಸಲ ಒಂದು ಕೈಯಲ್ಲಿ ಪೈಪು, ಇನ್ನೊಂದರಲ್ಲಿ ಆ ಅರಿವೆ. ಜಗ್ಗಿದೆ. ಒಂದು ಸುತ್ತು ಬಿಚ್ಚಿತು, ಇನ್ನೊಂದು ಬಿಚ್ಚಿತು, ಸರಕ್ಕನೆ ಪೂರಾ ಬಂತು. ಮೇಲೆ ಬಂದಾಗ ನನ್ನ ಹಿಂದೆ ಮಾರುದ್ದದ ಹಸಿರು ಬಟ್ಟೆ ತೇಲುತ್ತಿತ್ತು. ಬೀಗತಿ ಬಗ್ಗಿ ಅದರ ಅಂಚು ಹಿಡಿದು, ಪಾಚಿ ಒರೆಸಿ ನೋಡಿದರು.

"ಇದು ನಿಮ್ಮ ಧೋತರ!" ಅಂದರು ಗಂಡನಿಗೆ.

ಕತೆ ಆಮೇಲೆ ತಿಳಿಯಿತು. ಒಂದು ತಿಂಗಳಿಂದ ಬೀಗರು ಆ ಧೋತರಕ್ಕಾಗಿ ಹೆಂಡತಿಯನ್ನು ಕಾಡಿದ್ದರಂತೆ: ಭಾಂಡೆ ಮಾರುವವಳಿಗೆ ಕೊಟ್ಟು ಸ್ಟೀಲಿನ ಬಟ್ಟಲು ತಗೊಂಡೀದಿ ಅಂತ. ಬಾವಿಯ ದಂಡೆಗೆ ಸ್ನಾನ ಮಾಡಿ, ಒಣಹಾಕಿ ಮರೆತವರು ಅವರೇ. ಗಾಳಿ ಅದನ್ನು ಬಾವಿಗೆ ಹಾಕಿತ್ತು. ಮಾತೇ ಆಡದ ಬೀಗತಿ ನಗಲು ಶುರುಮಾಡಿದರು. ನಗುತ್ತ ನಗುತ್ತ ನೆಲದ ಮೇಲೆ ಕೂತರು, ಕಣ್ಣಲ್ಲಿ ನೀರು. "ಬಟ್ಟಲ ಎಲ್ಲದ ತೋರಸ್ರಿ ಈಗ!" ಬೀಗರು ಮೀಸೆ ತಿದ್ದಿಕೊಂಡರು. ತಿದ್ದುವ ಕೈಯ ಹಿಂದೆ ಅವರೂ ನಗುತ್ತಿದ್ದದ್ದು ನೀರಿನಲ್ಲಿದ್ದ ನನಗೆ ಕಾಣುತ್ತಿತ್ತು.

ನಾನು ಮೇಲೆ ಹತ್ತಿದ ಮೇಲೆ ನಮ್ಮನೆಯವರು ಮುಷ್ಟಿ ಬಿಚ್ಚಿದರು. ಫ್ಯೂಜಿನ ಗುರುತು ಅಂಗೈಯಲ್ಲಿ ಕೆಂಪಗೆ ಮೂಡಿತ್ತು. ಮೋಟರ್ ಹಾಕಿದರು. ಪೈಪು ಒಮ್ಮೆ ಕೆಮ್ಮಿ, ಆಮೇಲೆ ದಬದಬ ನೀರು ಸುರಿಯಿತು. ಎಲ್ಲರೂ ಕೂಗಿದೆವು. ಬೀಗತಿ ನಮ್ಮ ಅತ್ತಿಯ ಕಡೆ ತಿರುಗಿದರು.

"ನಿಮಗೂ ಬರ್ತದೇನ್ರಿ ಈಜು?"

ಅತ್ತಿ ಬೀಗರನ್ನು ನೋಡಿದರು. ಬೀಗರು ಪುಣ್ಯಾತ್ಮರು, ಎದ್ದು ಕಬ್ಬಿಗೆ ನೀರು ತಿರುವುವ ನೆಪದಲ್ಲಿ ಬೆನ್ನು ಮಾಡಿ ನಡೆದರು. ಮೋಟರ್ ಮತ್ತೆ ಬಂದ್ ಮಾಡಿಸಿದ ಅತ್ತಿ ಕಚ್ಚೆ ಬಿಗಿದರು. ದುಡುಂ!

ಮುಂದಿನ ಬೇಸಿಗೆಗೆ ಬೀಗತಿ ನಮ್ಮೂರಿಗೆ ಬಂದರು. ಎಂಟು ದಿನಕ್ಕೆಂದು ಬಂದವರು ಇಪ್ಪತ್ತು ದಿನ ಉಳಿದರು. ಅಷ್ಟರಲ್ಲಿ ನಮ್ಮ ಮನೆಗೆ ಫೋನು ಬಂದಿತ್ತು. ಒಂದು ಮಧ್ಯಾಹ್ನ ಬೀಗರು ಫೋನು ಮಾಡಿದರು, ನಾನೇ ಎತ್ತಿದೆ.

"ಟೀಚರ್ರ, ನಮ್ಮನಿಯಾಕಿ ಯಾವಾಗ ಬರ್ತಾಳಂತ ಕೇಳ್ರಿ."

ನಾನು ಕೇಳಿದೆ. ಬೀಗತಿ ಒದ್ದೆ ತಲೆ ಒರೆಸಿಕೊಳ್ಳುತ್ತ ಬಂದು ನನ್ನ ಕೈಯಿಂದ ಫೋನು ಇಸಿದುಕೊಂಡರು.

"ನೀರು ಇನ್ನಾ ಮಸ್ತ್ ಅವ್ರೀ," ಅಂದರು. "ಬರಂಗಿಲ್ಲ." ಫೋನು ಇಟ್ಟೇಬಿಟ್ಟರು.