ಕಾಕಾರ ಕೊರಳಲ್ಲಿದ್ದದ್ದು

ಹೋದ ವಾರ ಸೊಸೆ ನನ್ನ ಮೊಣಕಾಲಿಗೆ ಹಚ್ಚಲು ಎಲ್ಲಿಂದಲೋ ಸಾಸಿವೆ ಎಣ್ಣೆ ತಂದಳು. ಬಾಟಲಿಯ ಮುಚ್ಚಳ ತೆಗೆದದ್ದೇ ತಡ, ಆ ಘಾಟು ಮೂಗಿಗೆ ಹೊಡೆದು ಕಣ್ಣಲ್ಲಿ ನೀರು ಬಂತು. ಘಾಟಿಗೇ ಬಂತೆಂದು ಅವಳು ತಿಳಿದಳು. ನಾನೂ ಹೌದೆಂದೆ. ನಮ್ಮ ಕಡೆ ಮೈಗೆ ಕೊಬ್ಬರಿ ಎಣ್ಣೆ, ಅಡಿಗೆಗೆ ಶೇಂಗಾ ಎಣ್ಣೆ. ಸಾಸಿವೆ ಎಣ್ಣೆಯ ವಾಸನೆ ಬರುತ್ತಿದ್ದದ್ದು ಒಬ್ಬರ ಮೈಯಿಂದ ಮಾತ್ರ, ನಮ್ಮ ಮಿಲಿಟ್ರಿ ಕಾಕಾರಿಂದ.

ಹಾನಗಲ್ಲಿನಿಂದ ಶಿಗ್ಗಾಂವಿಗೆ ಹೋಗುವ ದಾರಿಯಲ್ಲಿ ನಮ್ಮ ಕ್ರಾಸ್ ಇದೆ. ಈಗ ಬ್ಯಾಂಕು, ಹೈಸ್ಕೂಲು, ಎರಡು ಖಾನಾವಳಿ ಆಗಿ ಊರೆನಿಸಿಕೊಂಡಿದೆ. ನಾನು ಮದುವೆಯಾಗಿ ಬಂದಾಗ ಇಲ್ಲಿದ್ದದ್ದು ಕಾಕಾರ ಅಂಗಡಿ, ಅದರ ಪಕ್ಕ ನಮ್ಮ ಹಿಟ್ಟಿನ ಗಿರಣಿ, ಎದುರಿಗೆ ಒಂದು ಕುಲುಮೆ, ಅಷ್ಟೇ. ಪಲ್ಟನ್ನಿನ ನೌಕರಿ ಮುಗಿಸಿದ ಕಾಕಾ, ದುಂಡಸಿಯ ಗೆಳೆಯ ಸಿಪಾಯಿಯ ಜೊತೆ ಈ ಕಡೆ ಬಂದವರು ತಿರುಗಿ ಹೋಗಲೇ ಇಲ್ಲವಂತೆ. ಬರೀ ಕಂಟಿ ಬೆಳೆದಿದ್ದ ಜಾಗದಲ್ಲಿ ಅಂಗಡಿ ಹಾಕಿ ಹಗ್ಗ, ಕುಡಗೋಲು, ಕಂದೀಲು ಮಾರಿದರು. ಆಮೇಲೆ ಒಬ್ಬೊಬ್ಬರನ್ನೇ ಕರೆತಂದು ಜಾಗ ತೋರಿಸಿದರು. ಮೊದಲು ನಮ್ಮ ಮಾವನವರು, ಅವರ ಹಿಂದೆ ಚಿಕ್ಕೇರೂರಿನ ಕ್ಷೌರದವನು, ಸವಣೂರಿನ ಎಲೆ ಮಾರುವವರು... ಇಲ್ಲಿ ಬಸ್ಸು ನಿಲ್ಲಲೆಂದು ಡ್ರೈವರುಗಳಿಗೆ ದಿನಾ ಚಹಾ ಕುಡಿಸಿದವರೂ ಅವರೇ.

ಆದರೆ ಅವರು ಯಾರು? ಒಬ್ಬರು ನೇಪಾಳದವರು ಅಂದರೆ ಇನ್ನೊಬ್ಬರು ಪಂಜಾಬಿನವರು ಅನ್ನುತ್ತಿದ್ದರು. ಮುಖ ನೋಡಿದರೆ ನೇಪಾಳವೇ ಇರಬಹುದು, ಮಾತು ಕೇಳಿದರೆ ಪಕ್ಕಾ ಹಾನಗಲ್ಲು. ಊರು ಯಾವುದೆಂದು ಕೇಳಿದವರಿಗೆ ಕಾಲಡಿಯ ನೆಲ ತೋರಿಸಿ ನಗುತ್ತಿದ್ದರು. ನಾನೋ ಬಾಯಿಬಡಕಿ, ಗಿರಣಿಗೆ ಬಂದವರ ಮನೆ ಸುದ್ದಿಯೆಲ್ಲ ಕೆದಕುವವಳು. ಕಾಕಾರನ್ನು ಮಾತ್ರ ಕೇಳಲು ಹೋಗಲಿಲ್ಲ. ನನಗೆ ಗೊತ್ತಿದೆ ಎಂಬ ಹಮ್ಮು ನನ್ನದು.

ದಿನಾ ಬೆಳಿಗ್ಗೆ ಸ್ನಾನವಾದ ಮೇಲೆ ಅವರು ಕೊರಳಲ್ಲಿದ್ದ ಸಣ್ಣ ಬಟ್ಟೆ ಚೀಲವನ್ನು ಎಡ ಅಂಗೈಯಲ್ಲಿಟ್ಟುಕೊಂಡು ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ನಮ್ಮಪ್ಪ ಲಿಂಗಪೂಜೆ ಮಾಡುವಾಗ ಹಿಡಿಯುತ್ತಿದ್ದದ್ದೂ ಹಾಗೆಯೇ, ಎಡಗೈಯಲ್ಲೇ. ಹಿತ್ತಲಿನಿಂದ ಅದನ್ನು ನೋಡಿದ ದಿನವೇ ನಾನು ತೀರ್ಮಾನ ಮಾಡಿಬಿಟ್ಟೆ, ಇವರು ನಮ್ಮವರೇ ಎಂದು.

ಕಾಕಾ ತೀರಿಕೊಂಡ ದಿನ ಸುಡಬೇಕೋ ಹೂಳಬೇಕೋ ತಿಳಿಯದೆ ಇಡೀ ಊರು ತಬ್ಬಿಬ್ಬಾಯಿತು. ಮಧ್ಯಾಹ್ನವಾದರೂ ಗಂಡಸರ ವಾದ ಮುಗಿಯಲಿಲ್ಲ. ಕೊನೆಗೆ ನಾನೇ ನಡುವೆ ನುಗ್ಗಿದೆ.

"ಅವ್ರು ಲಿಂಗ ಕಟ್ಟಿದವ್ರರಿ. ನಾ ಕಣ್ಣಾರೆ ನೋಡೇನಿ."

ಮಠದಿಂದ ಬಂದಿದ್ದ ಸ್ವಾಮಿಗಳು ಚೀಲ ಬಿಚ್ಚಿ ನೋಡೋಣ ಎಂದರು. ಬದುಕಿದ್ದಾಗ ಯಾರಿಗೂ ಮುಟ್ಟಗೊಡದದ್ದನ್ನು ಈಗ ಬಿಚ್ಚುವುದು ಬೇಡವೆಂದು ತಡೆದವಳೂ ನಾನೇ. ಹೀಗೆ ಕಾಕಾರಿಗೆ ವಿಭೂತಿ ಹಚ್ಚಿ, ನಮ್ಮವರನ್ನು ಕೂರಿಸುವಂತೆ ಕೂರಿಸಿ, ಆ ಚೀಲವನ್ನು ಎಡ ಅಂಗೈಯಲ್ಲಿಟ್ಟು ಮಣ್ಣು ಮಾಡಿದರು. ಅವತ್ತು ನನಗೆ ಸಮಾಧಾನವೇ ಆಗಿತ್ತು, ಸುಳ್ಳೇಕೆ ಹೇಳಲಿ.

ಆಮೇಲೆ ಅವರ ಟ್ರಂಕಿನಲ್ಲಿ ಒಂದು ಹಳೆಯ ಪತ್ರ ಸಿಕ್ಕಿತು. ಅದರಲ್ಲಿದ್ದ ವಿಳಾಸಕ್ಕೆ ನಮ್ಮ ಯಜಮಾನರು ಸುದ್ದಿ ಬರೆಸಿ ಹಾಕಿದರು. ನಾಲ್ಕು ತಿಂಗಳ ಮೇಲೆ ನೇಪಾಳದ ಗುಡ್ಡದೂರಿನಿಂದ ಕಾಕಾರ ಅಣ್ಣನ ಮಗ ಬಂದ. ಹರಕುಮುರುಕು ಹಿಂದಿಯಲ್ಲಿ ಬೂದಿ ಕೇಳಿದ. ತಮ್ಮೂರ ಹೊಳೆಗೆ ಬಿಡಬೇಕಂತೆ. ಬೂದಿಯನ್ನು ಎಲ್ಲಿಂದ ತರೋಣ? ಹಾಗಾದರೆ ಕೊರಳ ಚೀಲವನ್ನಾದರೂ ಕೊಡಿ ಎಂದ. ಪಲ್ಟನ್ ಸೇರಲು ಹೊರಟ ಮಗನಿಗೆ ಅವರವ್ವ ಮನೆಯಂಗಳದ ಮಣ್ಣನ್ನು ಅದರಲ್ಲಿ ಕಟ್ಟಿಕೊಟ್ಟಿದ್ದಳಂತೆ. ತಿರುಗಿ ಬಂದಾಗ ಇಲ್ಲೇ ಸುರುವು ಎಂದಿದ್ದಳಂತೆ.

ಹೂಳಿರಿ ಎಂದವರು ಯಾರೆಂದು ಅವನು ಕೇಳಿದ. ಎಲ್ಲರೂ ನನ್ನ ಕಡೆ ನೋಡಿದರು.

"ನಾನ ಹೇಳಿದ್ನೆಪಾ... ತಪ್ಪಾತು," ಎಂದೆ.

ಮಾತು ಅವನಿಗೆ ತಿಳಿಯದು, ಮುಖ ತಿಳಿಯಿತು. ಬಗ್ಗಿ ನನ್ನ ಕಾಲು ಮುಟ್ಟಿ, ಬರಿಗೈಯಲ್ಲಿ ಶಿಗ್ಗಾಂವಿ ಬಸ್ಸು ಹತ್ತಿದ. ನಮ್ಮ ಕಾಕಾರನ್ನು ಚೆನ್ನಾಗಿ ನೋಡಿಕೊಂಡಿರಿ ಎಂದು ಮುಟ್ಟಿದನೋ, ಸಾಕು ತಾಯಿ ಎಂದು ಮುಟ್ಟಿದನೋ... ಇವತ್ತಿಗೂ ನನಗೆ ಬಗೆಹರಿದಿಲ್ಲ.

ಅವನು ಹೇಳಿದ್ದನ್ನು ಊರು ಮರೆತಿದೆ, ಇಲ್ಲವೇ ಮರೆತಂತಿದೆ. ಸೋಮವಾರ ಹೆಂಗಸರು ಕಾಕಾರನ್ನು ಹೂಳಿದಲ್ಲಿ ಕಾಯಿ ಒಡೆಯುತ್ತಾರೆ. ಈಗ ಗದ್ದುಗೆ ಬೇರೆ ಕಟ್ಟಿಸುತ್ತಿದ್ದಾರೆ. ಮೊನ್ನೆ ಕಲ್ಲು ಕೆತ್ತುವವನು ಬಂದು, ಮೇಲೆ ಲಿಂಗ ಕೆತ್ತಬೇಕೋ ಬೇಡವೋ ಎಂದು ನನ್ನನ್ನೇ ಕೇಳಿದ. ಕಾಕಾರ ವಿಷಯ ಬಲ್ಲವಳು ನಾನೆಂದು ಊರವರೇ ಕಳಿಸಿದ್ದರಂತೆ. ನನಗೆ ಗೊತ್ತಿಲ್ಲಪ್ಪ ಎಂದು ಒಳಗೆ ಬಂದು ಕುಂತೆ. ಅವರಿದ್ದ ಅಷ್ಟೂ ವರ್ಷ ದಿನಾ ಎರಡು ರೊಟ್ಟಿ ಬಡಿದು ಕೊಟ್ಟಿದ್ದೇನೆ. ನಿಮ್ಮವ್ವ ಎಲ್ಲಿದ್ದಾರ್ರಿ ಕಾಕಾ ಎಂದು ಒಂದು ದಿನವೂ ಕೇಳಲಿಲ್ಲ.