ಸೀರೆ ಹೊದ್ದ ದಾಳಿಂಬೆ ತೋಟ

ಬನಹಟ್ಟಿಯ ನಮ್ಮ ಮನೆಯಲ್ಲಿ ಮಗ್ಗ ಬಿಟ್ಟರೆ ಬೇರೆ ಮಾತಿಲ್ಲ. ಅಕ್ಕನನ್ನು ಕೊಟ್ಟದ್ದು ಮಾತ್ರ ಚಿಮ್ಮಡದ ಒಕ್ಕಲುತನದ ಮನೆಗೆ. ಸುತ್ತಲೂ ಕಬ್ಬು ನಿಂತಿರುವಾಗ ಹಟ ಹಿಡಿದು ಹೊಲದ ಒಂದು ಪಟ್ಟಿಯಲ್ಲಿ ದಾಳಿಂಬೆ ಹಚ್ಚಿದವಳು ಅವಳು. ಬಿಸಿಲಿಗೆ ಕಾಯಿ ಸುಟ್ಟು ಕಲೆ ಬೀಳಬಾರದೆಂದು ನಮ್ಮ ಕಡೆ ಗಿಡಗಳ ಸಾಲಿಗೆ ಹಳೆಯ ಸೀರೆ ಹೊದಿಸುತ್ತಾರೆ. ನೆಂಟರಿಷ್ಟರ ಪೆಟ್ಟಿಗೆ ತಡಕಾಡಿ ಸೀರೆ ಸಾಗಿಸುವ ಕೆಲಸ ನನ್ನದು; ಸಾಲದಾದಾಗ ಅಕ್ಕ ತನ್ನ ಓಣಿಯ ಮನೆಗಳಿಂದಲೂ ಕೇಳಿ ತರುವಳು. ನಾನು ನೇಯ್ದ ಸೀರೆ ಹೆಂಗಸರಿಗಿಂತ ಗಿಡಗಳಿಗೇ ಚೆನ್ನಾಗಿ ಒಪ್ಪುತ್ತದೆ ಎಂದು ಅಕ್ಕ ಕಾಡುವಳು. ನನಗೆ ಸಿಟ್ಟೂ ಬರುತ್ತಿತ್ತು, ನಗುವೂ ಬರುತ್ತಿತ್ತು.

ಹಿಂದಿನ ವರ್ಷ ಆಣಿಕಲ್ಲಿನ ಮಳೆ ಬಿದ್ದು ಕಾಯೆಲ್ಲ ಮಣ್ಣುಪಾಲಾಗಿತ್ತು. ಅಕ್ಕನ ಗಂಡ, ನಮ್ಮ ಮಾವ, ಆಗಲೇ ಗಿಡ ಕಿತ್ತು ಕಬ್ಬು ಹಚ್ಚಲು ಹೊರಟಿದ್ದರು. ಈ ಸಲ ಬೆಳೆವಿಮೆ ಆದರೆ ಮಾತ್ರ ತೋಟ ಉಳಿಯುತ್ತದೆ ಎಂದು ಕಡ್ಡಿ ತುಂಡು ಮಾಡಿದಂತೆ ಹೇಳಿದ್ದರು.

ವಿಮೆ ಮಾಡಿಸುವ ಕಡೆಯ ದಿನ ನಾನು ಅಲ್ಲೇ ಇದ್ದೆ. ಮೊದಲೊಮ್ಮೆ ಮೊಬೈಲಿನಲ್ಲಿ ತೋಟದ ಫೋಟೋ ತೆಗೆದುಕೊಂಡು ಹೋಗಿದ್ದ ಬೆಳೆ ಸಮೀಕ್ಷೆಯವರು ಬೆಳಿಗ್ಗೆಯೇ ಮುಖ ಸಣ್ಣದು ಮಾಡಿಕೊಂಡು ಬಂದರು.

"ಆಫೀಸಿನ್ಯಾಗ ಕುಂತವ್ರಿಗೆ ಸೀರಿ ಅಷ್ಟ ಕಾಣಾಕತ್ತಾವ್ರಿ ಅಕ್ಕಾರ. ಬೆಳಿ ಯಾವ್ದು ಅಂತ ಕೇಳ್ಯಾರ."

ಸಂಜೆಯೊಳಗೆ ಬೇರೆ ಫೋಟೋ ಹೋಗದಿದ್ದರೆ ವಿಮೆ ಇಲ್ಲ. ದಂಡೆಯ ಒಂದು ಗಿಡದ ಸೀರೆ ಸರಿಸಿದರೆ ಸಾಲದೇ ಎಂದು ಮಾವ ಕೇಳಿದರು. ಸಾಲದು, ಇಡೀ ತೋಟವೇ ಕಾಣಬೇಕಂತೆ. ಗಾಳಿಗೆ ಹಾರಬಾರದೆಂದು ಅಕ್ಕ ಹಾಕಿದ್ದ ಗಂಟುಗಳೋ, ನೂಲಿನಲ್ಲೇ ಬೆಳೆದ ನನ್ನ ಕೈಗೂ ಜಗ್ಗಲಿಲ್ಲ. ಕೊನೆಗೆ ಅವಳು ಓಣಿಯ ಹೆಂಗಸರನ್ನೆಲ್ಲ ಕರೆತಂದಳು.

ಬಿಚ್ಚುವ ಕೆಲಸ ಸುಸೂತ್ರವಾಗಿ ಆದೀತೆಂದರೆ, ಎಲ್ಲರೂ ತಂತಮ್ಮ ಸೀರೆ ಗುರುತಿಸುತ್ತ ನಿಂತರು. ಒಬ್ಬಳಿಗೆ ಸೀಮಂತದ ಸೀರೆ ಸಿಕ್ಕಿತು. ಕಳೆದೇಹೋಯಿತೆಂದು ಊರೆಲ್ಲ ಹುಡುಕಿಸಿದ್ದ ಹಸಿರು ಸೀರೆಯೊಂದು ಗಿಡದ ಮೇಲಿರುವುದನ್ನು ಕಂಡು ಒಬ್ಬ ಅತ್ತೆ ಸೊಸೆಯ ಕಡೆ ತಿರುಗಿದರು. ಸೊಸೆ ಪಕ್ಕದ ಸಾಲಿಗೆ ಓಡಿದಳು. ನಕ್ಕು ನಕ್ಕು ನನಗಂತೂ ಹೊಟ್ಟೆ ಹುಣ್ಣಾಯಿತು.

ಕೊನೆಯ ಸೀರೆಯೂ ಸರಿದಾಗ ನಗು ತಾನಾಗಿ ನಿಂತಿತು. ಒಂದೂ ಕಲೆಯಿಲ್ಲದ ಕೆಂಪು ಕಾಯಿ, ಟೊಂಗೆ ಬಾಗುವಷ್ಟು. ಅಷ್ಟು ದಿನ ಅಕ್ಕನೊಬ್ಬಳೇ ಸೀರೆ ಎತ್ತಿ ನೋಡುತ್ತಿದ್ದ ಬೆಳೆಯನ್ನು ಮಾವ ಇಡಿಯಾಗಿ ನೋಡಿದ್ದು ಆಗಲೇ. ಸಮೀಕ್ಷೆಯವರು ಹೊಸ ಫೋಟೋ ತೆಗೆದು ಆಫೀಸಿಗೆ ಕಳಿಸಿದರು. ಬಿಸಿಲು ನೆತ್ತಿಗೆ ಬರುವ ಮೊದಲು ಎಲ್ಲರೂ ಸೇರಿ ಮತ್ತೆ ಹೊದಿಸಿದೆವು. ಮಧ್ಯಾಹ್ನ ನಾನು, ಅಕ್ಕ ಬನಹಟ್ಟಿಗೆ ಹೋಗಿ ವಿಮೆಯ ಅರ್ಜಿ ಕೊಟ್ಟು ಬಂದೆವು. ಹೊತ್ತು ಮುಳುಗುವ ಮುಂಚೆ, ವಿಮೆ ನೋಂದಣಿಯಾಗಿದೆ ಎಂದು ಅವಳ ಮೊಬೈಲಿಗೆ ಸಂದೇಶ ಬಂತು. ಓದಿದಳು, ನನ್ನಿಂದ ಓದಿಸಿದಳು, ಮತ್ತೆ ತಾನೇ ಓದಿದಳು.

ಕಟ್ಟೆಯ ಮೇಲೆ ಕೂತಿದ್ದ ಮಾವ ಅಕ್ಕನ ಮುಖ ನೋಡಿದರು.

"ಬಾಜೂಕಿನ ಪಟ್ಟಿಗೂ ದಾಳಿಂಬರಿನ ಹಚ್ಚೂನೇನ?"

ಹೊಲದ ವಿಷಯದಲ್ಲಿ ಅವರು ಅಕ್ಕನನ್ನು ಕೇಳಿದ್ದು ನಾನು ಕಂಡಂತೆ ಅದೇ ಮೊದಲು. ಒಪ್ಪಿಬಿಡು ಎಂದು ನಾನು ಅವಳಿಗೆ ಕಣ್ಸನ್ನೆ ಮಾಡಿದೆ. ಅಕ್ಕ ಮಾತ್ರ ಅವಸರ ಮಾಡಲಿಲ್ಲ.

"ವಿಚಾರ ಮಾಡಿ ಹೇಳತೇನ್ರಿ," ಎಂದು ಚಹಾಕ್ಕೆ ನೀರಿಡಲು ಒಳಗೆ ಹೋದಳು.